ಕುವೈತಿಗೆ ಗಿಡ್ಡಜ್ಜನನ್ನು ಕರೆದುಕೊಂಡು ಹೋದದ್ದು

ವಿಮಾನ ನಿಲ್ದಾಣ

ಕುವೈತಿಗೆ ಗಸಗಸೆ ಮಾತ್ರ ತರಬೇಡಿ ಎಂದು ನನ್ನ ತಂಗಿಯ ಮಗಳು ಸುಮಾ ಫೋನಿನಲ್ಲಿ ಹತ್ತು ಸಲ ಹೇಳಿದ್ದಳು. ಅಲ್ಲಿ ಅದು ಮಾದಕ ವಸ್ತುವಿನ ಸಾಲಿಗೆ ಸೇರುತ್ತದಂತೆ. ಪಾಯಸದ ಆಸೆಗೆ ಜೈಲು ಸೇರಬೇಕಾಗುತ್ತದೆ. ನಾನು ತುಮಕೂರಿನ ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಚರಿತ್ರೆ ಪಾಠ ಮಾಡಿದವಳು. ಹೇಳಿದ ಮಾತು ಕೇಳುವುದು ಹೇಗೆಂದು ಮಕ್ಕಳಿಗೆ ಕಲಿಸಿದವಳು. ಆದ್ದರಿಂದ ಗಸಗಸೆ ತರಲಿಲ್ಲ, ರಂಗೋಲಿ ಪುಡಿ ತಂದೆ.

ಕಸ್ಟಮ್ಸಿನ ಅಧಿಕಾರಿ ನನ್ನ ಪೆಟ್ಟಿಗೆ ತೆರೆದು ಎರಡು ಕೆಜಿ ಬಿಳಿ ಪುಡಿಯ ಪೊಟ್ಟಣವನ್ನು ಎತ್ತಿ ಹಿಡಿದ. ಪುಡಿಯನ್ನು ನೋಡಿದ, ನನ್ನನ್ನು ನೋಡಿದ. ಅವನ ಇಂಗ್ಲಿಷು ನನಗೆ ತಿಳಿಯಲಿಲ್ಲ, ನನ್ನದು ಅವನಿಗೆ ತಿಳಿಯಲಿಲ್ಲ. ಕೊನೆಗೆ ಧೈರ್ಯ ಮಾಡಿ ಒಂದು ಚಿಟಿಕೆ ತೆಗೆದು ಅವನ ಮೇಜಿನ ಕಪ್ಪು ರಬ್ಬರಿನ ಮೇಲೆ ಚುಕ್ಕಿ ಇಟ್ಟು ಒಂದು ಕಮಲ ಎಳೆದೆ. ಅವನು ಪಕ್ಕದ ಮೇಜಿನವನನ್ನೂ ಕೂಗಿ ಕರೆದು ತೋರಿಸಿದ. ಇಬ್ಬರೂ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನಡಿಯಮ್ಮ ನಡಿ ಎನ್ನುವಂತೆ "ಯಲ್ಲಾ ಮಾಮಾ, ಯಲ್ಲಾ" ಎಂದು ಪೆಟ್ಟಿಗೆ ಮುಚ್ಚಿ ಕಳಿಸಿದರು. ಕಮಲ ಹಾಗೆಯೇ ಉಳಿಯಿತು. ಮುಂದಿನ ಪ್ರಯಾಣಿಕನ ಪೆಟ್ಟಿಗೆಯನ್ನು ಅದರ ಪಕ್ಕಕ್ಕೆ ಇಡಿಸಿದ್ದನ್ನು ನಾನು ತಿರುಗಿ ನೋಡಿದೆ.

ಮಂಗಫ್, ಆರನೇ ಮಹಡಿ

ಸುಮಾಳ ಮನೆ ಮಂಗಫ್ ಎಂಬ ಊರಿನಲ್ಲಿ, ಕೆಲಸ ಕುವೈತ್ ಸಿಟಿಯ ಬ್ಯಾಂಕೊಂದರಲ್ಲಿ. ಬೆಳಗ್ಗೆ ಆರಕ್ಕೆ ಮನೆ ಬಿಟ್ಟರೆ ಸಂಜೆ ಐದಕ್ಕೆ ಬರುವುದು. ಅವಳ ಗಂಡ ರವೀಂದ್ರ ಶುಐಬಾದ ಕಾರ್ಖಾನೆಯಲ್ಲಿ ಎಂಜಿನಿಯರು. ಒಂಬತ್ತು ವರ್ಷದ ಮಗಳು ಅನಘಾ. ಕನ್ನಡದಲ್ಲಿ ಬೈದರೆ ಚೆನ್ನಾಗಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇವರ ಜೊತೆ ಮೂರು ವರ್ಷದಿಂದ ಆ ಮನೆಯಲ್ಲೇ ಇದ್ದು ಕೆಲಸ ಮಾಡುವ ರತ್ನಮ್ಮ. ಆಂಧ್ರದ ಗಡಿಯ ಮಡಕಶಿರದ ಕಡೆಯವಳು, ನಲವತ್ತೈದರ ಆಸುಪಾಸು. ಅವಳ ಅಕ್ಕಿರೊಟ್ಟಿ ನನ್ನದಕ್ಕಿಂತ ತೆಳುವಾಗಿ ಬರುತ್ತದೆ. ಅದನ್ನು ಒಪ್ಪಿಕೊಳ್ಳಲು ನನಗೆ ನಾಲ್ಕು ದಿನ ಬೇಕಾಯಿತು.

ಬಂದ ಎರಡನೇ ದಿನವೇ ರತ್ನಮ್ಮ ಕಾಫಿ ಲೋಟ ಕೈಗೆ ಕೊಡುತ್ತಾ ಕೇಳಿದಳು. "ವಾಪಸ್ ಯಾವಾಗ್ ಹೋಗ್ತೀರಮ್ಮ?"

ನನಗೆ ಸಿಟ್ಟು ಬಂತು. ನಮ್ಮ ಕಡೆ ಬಂದ ನೆಂಟರನ್ನು ಹೀಗೆ ಯಾರೂ ಕೇಳುವುದಿಲ್ಲ, ಹದಿನೈದು ದಿನವಾದ ಮೇಲೆ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ ಅಷ್ಟೆ. "ಎರಡು ತಿಂಗಳ ವೀಸಾ ಇದೆ, ಪೂರ್ತಿ ಇರ್ತೀನಿ" ಎಂದೆ, ಸ್ವಲ್ಪ ಬಿಗಿಯಾಗಿಯೇ. "ಆಗ್ಲಿ ಬಿಡಿ" ಎಂದು ಅವಳು ಒಳಗೆ ಹೋದಳು.

ಜನವರಿಯ ಕುವೈತ್ ನಾನು ಎಣಿಸಿದಂತೆ ಬೆಂಕಿಯಾಗಿರಲಿಲ್ಲ. ಸ್ವೆಟರ್ ಹಾಕಿಕೊಂಡು ಬಾಲ್ಕನಿಯಲ್ಲಿ ನಿಂತರೆ ಕೆಳಗೆ ರೊಟ್ಟಿ ಅಂಗಡಿ ಕಾಣುತ್ತಿತ್ತು. ತಟ್ಟೆಯಗಲದ ಬಿಸಿ ರೊಟ್ಟಿಗಳನ್ನು ಜನ ಸೀದಾ ಕಾರಿನ ಬಾನೆಟ್ಟಿನ ಮೇಲೆ ಹರಡಿ, ಆರಿದ ಮೇಲೆ ಮಡಿಸಿ ಚೀಲಕ್ಕೆ ಹಾಕಿಕೊಳ್ಳುತ್ತಿದ್ದರು. ಅಂಥ ದೊಡ್ಡ ಕಾರು ನಮ್ಮೂರಲ್ಲಿದ್ದರೆ ಹತ್ತಿರ ನಿಲ್ಲಲೂ ಬಿಡುವುದಿಲ್ಲ. ಮೂಲೆಯ ಬಕಾಲಾಕ್ಕೆ, ಎಂದರೆ ನಮ್ಮ ಕಿರಾಣಿ ಅಂಗಡಿಯಂಥದ್ದಕ್ಕೆ, ಒಂದು ಕಟ್ಟು ಕೊತ್ತಂಬರಿಗೂ ಫೋನು ಮಾಡುತ್ತಾರೆ, ಆರನೇ ಮಹಡಿಗೆ ತಂದು ಕೊಡುತ್ತಾರೆ. ನಡೆಯುವವರೇ ಇಲ್ಲ. ನಾನು ಸಂಜೆ ವಾಕಿಂಗ್ ಹೊರಟರೆ ಟ್ಯಾಕ್ಸಿಯವರು ಪಾಪ ಅಜ್ಜಿಗೆ ದಾರಿ ತಪ್ಪಿದೆ ಎಂದುಕೊಂಡು ಪಕ್ಕದಲ್ಲಿ ನಿಲ್ಲಿಸುತ್ತಿದ್ದರು.

ಮೊದಲ ಶುಕ್ರವಾರ

ಶುಕ್ರವಾರ ಅಲ್ಲಿ ರಜೆ. ಅಂದು ಬೆಳಗ್ಗೆ ಅಕ್ಕಪಕ್ಕದ ಕನ್ನಡದ ಮನೆಗಳ ಎಂಟು ಮಕ್ಕಳು ಸುಮಾಳ ನಡುಮನೆಗೆ ಬಂದು ಕೂರುತ್ತಾರೆ. ಒಂದು ಗಂಟೆ ಕನ್ನಡ ಕಲಿಯಬೇಕು, ಆಮೇಲೆ ಉಪ್ಪಿಟ್ಟು.

"ದೊಡ್ಡಮ್ಮ, ನೀವಿರೋವರೆಗೂ ನೀವೇ ಕ್ಲಾಸ್ ತಗೊಳ್ಳಿ. ಏನಾದ್ರೂ ಕಥೆ ಹೇಳಿ ಸಾಕು" ಎಂದಳು ಸುಮಾ.

ಕಾಗೆ ನರಿಯ ಕಥೆ ಹೇಳಿ ಹೇಳಿ ನನಗೆ ಸಾಕಾಗಿತ್ತು. ನಾನು ಗಿಡ್ಡಜ್ಜನ ಕಥೆ ಹೇಳಿದೆ. ಪಾಠದ ಪುಸ್ತಕದಲ್ಲಿ ಇಲ್ಲದಿದ್ದರೂ ಪ್ರತಿ ವರ್ಷ ಒಂಬತ್ತನೇ ತರಗತಿಗೆ ನಾನು ಕದ್ದು ಹೇಳುತ್ತಿದ್ದ ಕಥೆ ಅದು. ಇನ್ನೂರ ಐವತ್ತು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿದ್ದ ಒಬ್ಬ ಮನುಷ್ಯ. ಎತ್ತರ ನಾಲ್ಕು ಅಡಿ, ಬೆನ್ನು ಗೂನು. ಹೆಸರು ಒಂದು ಸಲ ಹೇಳಿದೆ. ಮಕ್ಕಳು ಅದನ್ನು ಬಿಟ್ಟು ಗಿಡ್ಡಜ್ಜ ಎಂದು ಇಟ್ಟುಕೊಂಡರು. ನನಗೂ ಅದೇ ರೂಢಿಯಾಯಿತು.

ಗಿಡ್ಡಜ್ಜ ಮೊದಲು ಹಡಗಿನಲ್ಲಿ ಕೆಲಸ ಮಾಡಿದವನು, ಆಮೇಲೆ ಕಬ್ಬು ಬೆಳೆಯುವ ಒಂದು ದ್ವೀಪದಲ್ಲಿ ಅಂಗಡಿ ಇಟ್ಟವನು. ಗುಲಾಮರನ್ನು ಹೇಗೆ ನಡೆಸಿಕೊಳ್ಳುತ್ತಾರೆಂದು ಅಲ್ಲಿ ಕಣ್ಣಾರೆ ಕಂಡ. ಅಂದಿನಿಂದ ಗುಲಾಮರ ಕೈ ತಾಗಿದ ಯಾವುದನ್ನೂ ಮುಟ್ಟಲಿಲ್ಲ. ಸಕ್ಕರೆ ಬಿಟ್ಟ. ಬಟ್ಟೆಯನ್ನು ತಾನೇ ನೂತ. ಗುಹೆಯಂಥ ಮನೆಯಲ್ಲಿ ಪುಸ್ತಕಗಳ ಜೊತೆ ಇದ್ದ.

ಅವನು ಕ್ವೇಕರ್ ಪಂಥದವನು. ಕ್ರೈಸ್ತರಲ್ಲೇ ಒಂದು ಗುಂಪು. ಅವರಲ್ಲಿ ಪಾದ್ರಿಗಳಿಲ್ಲ, ಹಾಡಿಲ್ಲ. ಎಲ್ಲರೂ ಸುಮ್ಮನೆ ಕೂರುತ್ತಾರೆ, ಯಾರಿಗೆ ಒಳಗಿನಿಂದ ಮಾತು ಬರುತ್ತದೋ ಅವರು ಎದ್ದು ಹೇಳುತ್ತಾರೆ. ಮಗ ಜೋಯೆಲ್‌ನನ್ನು ಬಿಡಲು ಬಂದು ಬಾಗಿಲಲ್ಲೇ ನಿಂತಿದ್ದ ಲವೀನಾಗೆ ಇದು ಸರಿಬರಲಿಲ್ಲ. ಅವಳು ಮಂಗಳೂರಿನ ಕಡೆಯವಳು, ಇಲ್ಲಿ ನರ್ಸು.

"ಪಾದ್ರಿ ಇಲ್ಲದೆ ಪೂಜೆ ಎಂತದು ಟೀಚರ್? ಮತ್ತೆ ಇವ ಮನೆಗೆ ಬಂದು ನಾನೂ ಚರ್ಚಿಗೆ ಬರುದಿಲ್ಲ, ಸುಮ್ಮನೆ ಕೂರ್ತೇನೆ ಅಂದ್ರೆ?"

"ಇವನು ಸುಮ್ಮನೆ ಕೂರಲಿ ಅಂತ ನೀವೇ ಹರಕೆ ಹೊರಬೇಕು" ಎಂದೆ. ಜೋಯೆಲ್ ಅಂಥ ಹುಡುಗ. ಲವೀನಾ ನಕ್ಕು ಹೋದಳು.

ಗಿಡ್ಡಜ್ಜನ ಜಗಳ ಕೆಟ್ಟವರ ಜೊತೆ ಅಲ್ಲ, ಒಳ್ಳೆಯವರ ಜೊತೆ. ಇದನ್ನು ಮಕ್ಕಳಿಗೆ ತಿಳಿಸುವುದೇ ಕಷ್ಟ. ಅವನ ಪಂಥದವರೇ ಗುಲಾಮರನ್ನು ಇಟ್ಟುಕೊಂಡಿದ್ದರು. ಸುಳ್ಳು ಹೇಳದ, ಕುಡಿಯದ, ದಾನಧರ್ಮ ಮಾಡುವ ಜನ. ಇವನು ಕೇಳಿದಾಗೆಲ್ಲ, ಈ ವರ್ಷ ಬೇಡ, ಮುಂದೆ ನೋಡೋಣ ಎನ್ನುತ್ತಿದ್ದರು. ಒಮ್ಮೆ ಚಳಿಗಾಲದಲ್ಲಿ ಅವನು ಪ್ರಾರ್ಥನೆಯ ಮನೆಯ ಬಾಗಿಲಲ್ಲಿ ಹಿಮದ ಮೇಲೆ ಬರಿಗಾಲಲ್ಲಿ ನಿಂತ. ಅಯ್ಯೋ, ಶೀತವಾಗುತ್ತದೆ ಎಂದು ಎಲ್ಲರೂ ಕನಿಕರ ಪಟ್ಟರು. ನನ್ನ ಮೇಲೆ ಇಷ್ಟು ಕನಿಕರವಿದೆಯಲ್ಲ, ಚಳಿಗಾಲವಿಡೀ ಅರೆಬಟ್ಟೆಯಲ್ಲಿ ನಿಮ್ಮ ಹೊಲದಲ್ಲಿ ದುಡಿಯುವವರ ಮೇಲೆ ಯಾಕಿಲ್ಲ ಎಂದು ಅವನು ತಿರುಗಿ ಕೇಳಿದ.

ಹಿಮವನ್ನು ಆ ಮಕ್ಕಳೂ ಕಂಡಿಲ್ಲ, ನಾನೂ ಕಂಡಿಲ್ಲ. ಫ್ರಿಜ್ಜಿನೊಳಗಿನ ಐಸು ಇರುತ್ತದಲ್ಲ, ಹಾಗೆ ಎಂದೆ. ನಾನು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಜೋಯೆಲ್ ಐಸಿನ ಟ್ರೇ ಎರಡನ್ನೂ ಬಾಲ್ಕನಿಯಲ್ಲಿ ಸುರಿದು ಅದರ ಮೇಲೆ ನಿಂತಿದ್ದ. ಉಳಿದವರು ಸರದಿ ನಿಂತರು. ಒಬ್ಬಳು ಜಾರಿ ಬಿದ್ದು ಅತ್ತಳು. ರತ್ನಮ್ಮ ಬಂದು ನೆಲ ಒರೆಸಿದಳು.

ಎರಡನೇ ಶುಕ್ರವಾರ

ಮುಂದಿನ ವಾರ ಮಕ್ಕಳು ಮೆಟ್ಟಿಲಿನಿಂದಲೇ ಗಿಡ್ಡಜ್ಜ ಗಿಡ್ಡಜ್ಜ ಎಂದು ಕೂಗುತ್ತಾ ಬಂದರು. ನನಗೆ ಅಂದು ಸ್ವಲ್ಪ ತಲೆನೋವು. ಸತ್ಯ ಹೇಳಬೇಕೆಂದರೆ ಅವರ ಬಾಯಿ ಮುಚ್ಚಿಸಲಿಕ್ಕೇ ಹೊಳೆದ ಉಪಾಯ: ಇವತ್ತು ಗಿಡ್ಡಜ್ಜನವರ ಹಾಗೆ ಸುಮ್ಮನೆ ಕೂರೋಣ. ಹತ್ತು ನಿಮಿಷ. ಮಾತು ಒಳಗಿನಿಂದ ಬಂದರೆ ಮಾತ್ರ ಎದ್ದು ಹೇಳಬೇಕು. ಯಾರೂ ನಗಬಾರದು, ಯಾರೂ ಉತ್ತರ ಕೊಡಬಾರದು. ಮನೆಯಲ್ಲಿ ಇರುವವರೆಲ್ಲ ಕೂರಬೇಕು, ಅಲ್ಲಿ ದೊಡ್ಡವರು ಚಿಕ್ಕವರು ಇಲ್ಲ.

ಎಲ್ಲರೂ ಎಂದ ಮೇಲೆ ಅನಘಾ ಅಡುಗೆಮನೆಗೆ ಓಡಿ ರತ್ನಮ್ಮನನ್ನು ಕೈಹಿಡಿದು ಎಳೆದು ತಂದಳು. ಉಪ್ಪಿಟ್ಟಿನ ಒಲೆ ಆರಿಸಿ, ಸೆರಗಿಗೆ ಕೈ ಒರೆಸಿಕೊಂಡು ಅವಳು ಕಾರ್ಪೆಟ್ಟಿನ ಅಂಚಿನಲ್ಲಿ ಕೂತಳು. ಸುಮಾ ಸೋಫಾದಿಂದ ಕೆಳಗಿಳಿದು ಕೂತಳು.

ಮೊದಲು ನಗು ತಡೆಯುವ ಸದ್ದು. ಆಮೇಲೆ ನಿಜವಾಗಿಯೂ ಸದ್ದಡಗಿತು. ಒಬ್ಬ ಹುಡುಗಿ ಎದ್ದು, ನನಗೊಂದು ನಾಯಿಮರಿ ಬೇಕು ಎಂದು ಇಂಗ್ಲಿಷಿನಲ್ಲಿ ಹೇಳಿ ಕೂತಳು. ಜೋಯೆಲ್ ಎದ್ದ. "ಪಪ್ಪಾ ಶುಕ್ರವಾರ ಕೂಡ ಡ್ಯೂಟಿಗೆ ಹೋಗ್ತಾರೆ" ಎಂದ, ಕನ್ನಡದಲ್ಲಿ. ನನಗೆ ಹೆಮ್ಮೆಯಾಯಿತು.

ಆಗ ರತ್ನಮ್ಮ ಎದ್ದಳು. ಇದು ಮಕ್ಕಳಾಟ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕಣ್ಣು ಮುಚ್ಚಿ ಸಾಲಾಗಿ ಕೂತಿದ್ದಾರೆ, ಒಬ್ಬೊಬ್ಬರೇ ಎದ್ದು ಬೇಕಾದ್ದು ಕೇಳುತ್ತಿದ್ದಾರೆ ಎಂದರೆ ಇದು ದೇವರ ಕೆಲಸವೇ ಎಂದು ಅವಳು ತಿಳಿದಿದ್ದಳು. ಕೈ ಮುಗಿದಳು.

"ಸ್ವಾಮೀ, ನನ್ ಮಗಳಿಗೆ ಇದು ಚೊಚ್ಚಲು. ತವರಿಗೆ ಕರ್ಕೊಂಡ್ ಬಂದವ್ರೆ, ಮನೇಲಿ ನಾನಿಲ್ಲ. ದೊಡ್ಡಮ್ಮನೋರು ಊರಿಗ್ ಹೊರಡೋವರ್ಗೂ ಅವಳಿಗೆ ಹೆರಿಗೆ ಆಗ್ದಂಗೆ ನೋಡ್ಕೊಳಪ್ಪಾ. ಅವ್ರು ಹೋದ್ ಮಾರ್ನೇ ದಿನ ನಾನು ಹೊರಡ್ತೀನಿ."

ಕೂತಳು. ಮಕ್ಕಳೆಲ್ಲ ನನ್ನ ಕಡೆ ತಿರುಗಿ ನೋಡಿದರು. ಉತ್ತರ ಕೊಡಬಾರದು ಎಂದು ನಾನೇ ಹೇಳಿದ್ದೆ. ಉಳಿದ ನಿಮಿಷಗಳು ಹೇಗೆ ಕಳೆದವೋ ನನಗೆ ನೆನಪಿಲ್ಲ.

ಅದೇ ಮಧ್ಯಾಹ್ನ, ಊಟದ ಮೇಜು

"ನನಗೆ ಯಾಕೆ ಹೇಳಲಿಲ್ಲ?" ಎಂದು ಸುಮಾಳನ್ನು ಕೇಳಿದೆ. ದನಿ ನಾನೆಣಿಸಿದ್ದಕ್ಕಿಂತ ಜೋರಾಯಿತು.

"ಡಿಸೆಂಬರಿಗೇ ಕಳಿಸ್ತೀನಿ ಅಂತ ಹೇಳಿದ್ದೆ ದೊಡ್ಡಮ್ಮ. ಅಷ್ಟರಲ್ಲಿ ನೀವು ಬರೋದು ಗೊತ್ತಾಯ್ತು. ಮೊದಲನೇ ಸಲ ಬರ್ತಿದ್ದೀರಿ, ನಾನು ಸಂಜೆವರೆಗೂ ಮನೇಲಿರಲ್ಲ, ನಿಮಗೆ ಬಿಸಿ ಊಟ ಹಾಕೋರು ಯಾರು? ಅವಳನ್ನ ಕೇಳಿದೆ. ಆಗ್ಲಿ ಅಕ್ಕಾ ಅಂದ್ಲು."

"ಆಗ್ಲಿ ಅನ್ನದೆ ಇನ್ನೇನು ಅಂತಾಳೆ? ಅವಳ ಪಾಸ್‌ಪೋರ್ಟು ಎಲ್ಲಿದೆ?"

"ಲಾಕರಲ್ಲಿ. ನಿಮ್ಮದೂ ಅಲ್ಲೇ ಇದೆ. ಕಳೆದುಹೋಗಬಾರದು ಅಂತ ಎಲ್ಲರದೂ ಅಲ್ಲೇ ಇಟ್ಟಿರ್ತೀವಿ." ಸುಮಾಳ ಕಣ್ಣಲ್ಲಿ ನೀರು ಬಂತು. "ನಾನೇನು ಕೆಟ್ಟವಳಾ ದೊಡ್ಡಮ್ಮ?"

ಅವಳು ಕೆಟ್ಟವಳಲ್ಲ. ರತ್ನಮ್ಮನಿಗೆ ಜ್ವರ ಬಂದಾಗ ರಜೆ ಹಾಕಿ ಆಸ್ಪತ್ರೆಗೆ ಕರೆದುಕೊಂಡು ಹೋದವಳು, ಮಗಳ ಮದುವೆಗೆ ರೇಷ್ಮೆ ಸೀರೆ ಕಳಿಸಿದವಳು. ಚೊಚ್ಚಲ ಬಾಣಂತನ ತವರಿನಲ್ಲಿ, ತಾಯಿಯ ಕೈಯಲ್ಲಿ ಆಗಬೇಕು ಎನ್ನುವುದು ಅವಳಿಗೆ ಹೇಳಿಕೊಡಬೇಕಾದ ಮಾತಲ್ಲ. ಅನಘಾ ಹುಟ್ಟಿದಾಗ ಮೂರು ತಿಂಗಳು ತುಮಕೂರಿನಲ್ಲಿ ಎಣ್ಣೆಸ್ನಾನ ಮಾಡಿಸಿಕೊಂಡವಳು. ನನಗಾಗಿ ಮಾಡಿದಳು. ನನಗೆ ನಾಚಿಕೆಯಾಯಿತು. ನಾನು ಮಕ್ಕಳೆದುರು ಗಿಡ್ಡಜ್ಜನ ವೇಷ ಹಾಕಿಕೊಂಡು, ಅವನು ಬಿಟ್ಟ ಸಕ್ಕರೆಯನ್ನು ರತ್ನಮ್ಮನ ಕೈಯ ಕಾಫಿಯಲ್ಲಿ ದಿನಕ್ಕೆ ಎರಡು ಹೊತ್ತು ಕುಡಿಯುತ್ತಿದ್ದೆ.

"ಅವಳನ್ನ ಕಳಿಸು. ಅಡುಗೆ ನಾನು ಮಾಡ್ತೀನಿ" ಎಂದೆ. ಸುಮಾ ತಲೆಯಾಡಿಸಿ ರತ್ನಮ್ಮನನ್ನು ಕರೆದು ಹೇಳಿದಳು. ಅವಳು ನಂಬದವಳಂತೆ ನಮ್ಮಿಬ್ಬರನ್ನೂ ನೋಡಿ, ಪಾತ್ರೆ ತೊಳೆಯಲು ಹೋದಳು.

ರವೀಂದ್ರ ಕಂಪ್ಯೂಟರಿನಲ್ಲಿ ವಿಮಾನ ನೋಡಿದ. "ಬರೋ ಗುರುವಾರ ಬೆಳಗ್ಗೆ ಇದೆ, ಸೀಟಿದೆ. ಇಲ್ಲಾ ಶನಿವಾರ. ಆದರೆ ಶುಕ್ರವಾರ ಕ್ಯಾಂಪ್ ಇದೆಯಲ್ಲ..."

ಚಳಿಗಾಲದಲ್ಲಿ ಕುವೈತಿನವರು ಮರಳುಗಾಡಿಗೆ ಹೋಗಿ ಡೇರೆ ಹಾಕುತ್ತಾರೆ. ರವೀಂದ್ರನ ಗೆಳೆಯರು ಎಂಟು ಕುಟುಂಬ ಸೇರಿ ಒಂದು ಡೇರೆ ಹಿಡಿದಿದ್ದರು. ನಾನು ಬರುವ ಮೊದಲೇ ಗೊತ್ತಾದ ಏರ್ಪಾಡು. ಒಂಟೆ ತೋರಿಸುತ್ತೇನೆಂದು ಅವನು ನನಗೆ ಫೋನಿನಲ್ಲೇ ಆಸೆ ಹಚ್ಚಿದ್ದ. ಚಪಾತಿ ಪಲ್ಯದ ಜವಾಬ್ದಾರಿ ನಮ್ಮ ಮನೆಯದು. ಮೂವತ್ತು ಜನಕ್ಕೆ.

ಸುಮಾ ನನ್ನ ಮುಖ ನೋಡಿದಳು.

"ಡಾಕ್ಟರು ಯಾವ ದಿನ ಕೊಟ್ಟಿದಾರಂತೆ?" ಎಂದೆ.

"ಇನ್ನೂ ಹದಿನೆಂಟು ದಿನ ಇದೆಯಂತೆ."

"ಚೊಚ್ಚಲು ತಡವಾಗೇ ಆಗೋದು. ಶುಕ್ರವಾರದ್ದು ಮುಗಿಸಿಕೊಂಡು ಶನಿವಾರ ಹೊರಡಲಿ. ಎರಡು ದಿನದಲ್ಲಿ ಏನಾಗುತ್ತೆ?"

ಹೇಳಿದವಳು ನಾನು. ರವೀಂದ್ರ ಶನಿವಾರದ ಟಿಕೆಟ್ ತೆಗೆದ.

ಹಳೇ ಸೂಕ್

ಸೋಮವಾರ ಸಂಜೆ ಲವೀನಾ ತನ್ನ ಕಾರಿನಲ್ಲಿ ನನ್ನನ್ನೂ ರತ್ನಮ್ಮನನ್ನೂ ಸಿಟಿಯ ಹಳೇ ಪೇಟೆಗೆ ಕರೆದುಕೊಂಡು ಹೋದಳು. ಸೂಕ್ ಎನ್ನುತ್ತಾರೆ. ಮಾಡು ಹಾಕಿದ ಓಣಿಗಳು, ಖರ್ಜೂರದ ಗುಡ್ಡೆ, ಮೀನಿನ ವಾಸನೆ, ಅತ್ತರಿನ ವಾಸನೆ. ತುಮಕೂರಿನ ಮಂಡಿಪೇಟೆಗೆ ಒಂದು ಸೂರು ಹಾಕಿ ಗುಡಿಸಿ ಒರೆಸಿದರೆ ಹೀಗೇ ಇದ್ದೀತು. ಖರ್ಜೂರದ ಅಂಗಡಿಯವರು ರುಚಿ ನೋಡಿ ಎಂದು ಕೊಡುತ್ತಲೇ ಇರುತ್ತಾರೆ, ಕೊಳ್ಳದಿದ್ದರೂ ಮುಖ ಸಿಂಡರಿಸುವುದಿಲ್ಲ. ಐದನೇ ಅಂಗಡಿಗೆ ನನ್ನ ಹೊಟ್ಟೆ ತುಂಬಿತ್ತು.

ರತ್ನಮ್ಮ ಕತ್ತು ಮೇಲೆತ್ತಿಕೊಂಡೇ ನಡೆಯುತ್ತಿದ್ದಳು. ಮೂರು ವರ್ಷದಲ್ಲಿ ಅವಳು ಸಿಟಿಗೆ ಬಂದದ್ದು ಇಕಾಮಾದ, ಎಂದರೆ ಅಲ್ಲಿ ವಾಸಿಸಲು ಬೇಕಾದ ಪರವಾನಗಿಯ, ಕಾಗದಕ್ಕೆ ಬೆರಳಚ್ಚು ಕೊಡಲು, ಒಂದೇ ಸಲ. ಅಂದು ನಾವಿಬ್ಬರೂ ಪ್ರವಾಸಿಗಳು. ಕಂಬಳಿಯ ಅಂಗಡಿಯಲ್ಲಿ ಅವಳು ಮಗುವಿಗೆಂದು ಗುಲಾಬಿ ಹೂವಿನ ದಪ್ಪ ಕಂಬಳಿ ಆರಿಸಿದಳು. ಮಡಕಶಿರದ ಬಿಸಿಲಿಗೆ ಅಂಥ ಕಂಬಳಿ ಹೊದಿಸಿದರೆ ಮಗು ಬೆಂದುಹೋಗುತ್ತದೆ ಎಂದು ಲವೀನಾ ತಮಾಷೆ ಮಾಡಿದಳು.

"ಹೊದ್ಸಕ್ಕಲ್ಲ ಲವೀನಕ್ಕಾ. ಹುಟ್ಟಿದ್ ತಕ್ಷಣ ಇದ್ರಲ್ಲೇ ಎತ್ಕೊಬೇಕು ನಾನು" ಎಂದಳು ರತ್ನಮ್ಮ. ಅಂಗಡಿಯ ಮುದುಕ ಅದನ್ನು ಸುತ್ತಿ ದಾರ ಕಟ್ಟಿ ಕೊಟ್ಟ.

ಮರಳುಗಾಡು

ಶುಕ್ರವಾರ ಬೆಳಗ್ಗೆ ಹೊರಟೆವು. ಮರಳುಗಾಡೆಂದರೆ ಚಿತ್ರದಲ್ಲಿರುವಂಥ ಮರಳಿನ ಅಲೆಗಳು ಎಂದುಕೊಂಡಿದ್ದೆ. ಅಲ್ಲಿದ್ದದ್ದು ಚಪ್ಪಟೆಯಾದ ಜಲ್ಲಿ ನೆಲ, ಅದರ ಮೇಲೆ ಕಣ್ಣು ಹಾಯುವವರೆಗೂ ಡೇರೆಗಳು. ಪಕ್ಕದ ಕುವೈತಿ ಕುಟುಂಬ ಸೋಫಾ, ಟಿ.ವಿ., ಜನರೇಟರು ಎಲ್ಲವನ್ನೂ ತಂದಿತ್ತು. ಮನೆ ಬಿಟ್ಟು ಬಯಲಿಗೆ ಬಂದು ಮತ್ತೆ ಮನೆ ಕಟ್ಟುವುದೇ ಅವರ ಪಿಕ್ನಿಕ್ಕು. ಆ ಮನೆಯ ಅಜ್ಜಿ ನಮ್ಮ ಡೇರೆಗೆ ಒಂದು ಹೂಜಿ ಏಲಕ್ಕಿ ಹಾಕಿದ ಕಾಫಿ ಕಳಿಸಿದಳು. ನಾನು ನಮ್ಮ ನಿಂಬೆಹಣ್ಣಿನ ಉಪ್ಪಿನಕಾಯಿ ಕಳಿಸಿದೆ. ಅವಳು ಅದನ್ನು ಬರಿಬಾಯಿಗೆ ತಿಂದು ಕೆಮ್ಮಿ, ಮತ್ತೆ ಬೇಕೆಂದು ಹೇಳಿ ಕಳಿಸಿದಳು.

ಒಂಟೆಗಳು ಹನ್ನೊಂದರ ಹೊತ್ತಿಗೆ ಬಂದವು. ಕಾಯುವವನು ಸುಡಾನಿನವನು. ನಮ್ಮೆದುರೇ ಹಾಲು ಕರೆದು ನೊರೆ ತುಂಬಿದ ಬಟ್ಟಲನ್ನು ನನಗೇ ಮೊದಲು ಕೊಟ್ಟ. ಕುಡಿದೆ, ಸ್ವಲ್ಪ ಉಪ್ಪುಪ್ಪು. ಮೀಸೆ ಬಂತು ಎಂದು ಮಕ್ಕಳು ಕುಣಿದರು. ಹಿಂದಿನಿಂದ ಒಂದು ಮರಿ ಒಂಟೆ ನನ್ನ ಶಾಲಿನ ತುದಿಯನ್ನು ಬಾಯಿಗೆ ಹಾಕಿಕೊಂಡು ಎಳೆಯತೊಡಗಿತು. ನಾನು ಇತ್ತ, ಅದು ಅತ್ತ. ಕೊನೆಗೆ ಶಾಲು ಅದಕ್ಕೇ ಆಯಿತು. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಅರವತ್ತಮೂರನೇ ವಯಸ್ಸಿನಲ್ಲಿ ನನಗೆ ಅಷ್ಟು ಸಂತೋಷವಾಗುತ್ತದೆಂದು ನಾನು ಎಣಿಸಿರಲಿಲ್ಲ.

ರತ್ನಮ್ಮ ಡೇರೆಯ ಹಿಂದೆ ಗ್ಯಾಸ್ ಒಲೆಯ ಮುಂದೆ ಚಪಾತಿ ಬೇಯಿಸುತ್ತಿದ್ದಳು. ನಡುವೆ ಎದ್ದು, ಹಿಟ್ಟಿನ ಕೈಯಲ್ಲೇ ಮೊಬೈಲನ್ನು ಮೇಲೆತ್ತಿ ಹಿಡಿದು ಅತ್ತ ಇತ್ತ ನಡೆಯುವಳು. ಅಲ್ಲಿ ಸಿಗ್ನಲ್ ಇರಲಿಲ್ಲ. ಮತ್ತೆ ಬಂದು ಕೂರುವಳು.

ಎಗೈಲಾ

ಸಂಜೆ ವಾಪಸ್ಸು ಬರುವಾಗ ಎಗೈಲಾದ ಮಾಲುಗಳ ದೀಪ ಕಾಣುವ ಹೊತ್ತಿಗೆ ಹಿಂದಿನ ಸೀಟಿನಲ್ಲಿ ರತ್ನಮ್ಮನ ಫೋನು ಒಂದೇ ಸಮನೆ ಕುಟುಕುಟು ಎನ್ನತೊಡಗಿತು. ಅವಳ ಅಕ್ಕನಿಂದ ಹದಿನಾಲ್ಕು ಮಿಸ್ಡ್ ಕಾಲು. ರವೀಂದ್ರ ಕಾರನ್ನು ಪಕ್ಕಕ್ಕೆ ನಿಲ್ಲಿಸಿ ತನ್ನ ಫೋನಿನಿಂದ ಕರೆ ಮಾಡಿ ಕೊಟ್ಟ. ತೆಲುಗಿನಲ್ಲಿ ಮಾತಾಡಿದಳು. ನನಗೆ ಅರ್ಧ ತಿಳಿಯಿತು.

ಫೋನು ಹಿಂದಕ್ಕೆ ಕೊಡುತ್ತಾ ಹೇಳಿದಳು. "ಹೆಣ್ಣು ಮಗೂ ಅಂತೆ. ಮಧ್ಯಾಹ್ನ ಆಗೈತೆ. ರಾತ್ರಿಯಿಂದ ಬಾಳ ಕಷ್ಟ ಆಯ್ತಂತೆ. ಅಮ್ಮನ್ನ ಕರೀರಿ, ಅಮ್ಮನ್ನ ಕರೀರಿ ಅಂತ ಕೂಗ್ತಾನೇ ಇದ್ಲಂತೆ. ಈಗ ಇಬ್ರೂ ಚೆನ್ನಾಗವ್ರೆ."

ಸುಮಾ ಅವಳನ್ನು ತಬ್ಬಿಕೊಂಡಳು. ರವೀಂದ್ರ ಸ್ವೀಟ್ ತರುತ್ತೇನೆಂದು ಮಾಲಿನ ಕಡೆ ಓಡಿದ. ತೊಡೆಯ ಮೇಲೆ ಇಟ್ಟುಕೊಂಡಿದ್ದ ಚಪಾತಿಯ ಖಾಲಿ ಡಬ್ಬಿಯನ್ನು ರತ್ನಮ್ಮ ಎರಡು ಕೈಯಲ್ಲೂ ಹಿಡಿದು ಕೂತಿದ್ದಳು.

ಅನಘಾ ಇಬ್ಬರ ನಡುವಿನಿಂದ ತಲೆ ತೂರಿಸಿದಳು. "ಬಟ್ ಯೂ ಸೆಡ್ ಯೂ ವಿಲ್ ಬಿ ದೇರ್! ಮಗು ಬರೋವಾಗ ನೀನಿರ್ತೀನಿ ಅಂದಿದ್ದೆ ಅಲ್ವಾ? ಫ್ಲೈಟ್ ಇರ್ಲಿಲ್ವಾ?"

"ಇಲ್ಲ ಪಾಪಾ" ಎಂದಳು ರತ್ನಮ್ಮ, ಅವಳ ಕೆನ್ನೆ ಸವರುತ್ತಾ. "ಮಗೂಗೇ ಅರ್ಜೆಂಟು. ಬೇಗ ಬಂದ್ಬಿಡ್ತು."

ಸುಮಾ ನನ್ನ ಕಡೆ ನೋಡಲಿಲ್ಲ. ಅಲ್ಲಿಗೆ ಮಾತು ಮುಗಿದುಹೋಗುತ್ತಿತ್ತು. ಸ್ವೀಟ್ ಬರುತ್ತಿತ್ತು.

"ಅಲ್ಲ ಪುಟ್ಟಿ" ಎಂದೆ ನಾನು. "ಗುರುವಾರದ ವಿಮಾನದಲ್ಲಿ ಸೀಟಿತ್ತು. ನನಗೆ ಒಂಟೆ ನೋಡಬೇಕಿತ್ತು."

ರತ್ನಮ್ಮ ಕಿಟಕಿಯ ಕಡೆ ತಿರುಗಿಕೊಂಡಳು. ಪರವಾಗಿಲ್ಲ ಎಂದು ಅವಳು ಹೇಳಲಿ ಎಂದು ನಾನು ಮಂಗಫ್ ಬರುವವರೆಗೂ ಕಾದೆ. ಅವಳು ಹೇಳಲಿಲ್ಲ.